ಹಸಿರು ಕೇಸರದ ನಾಯಿ

ದಾಂಡೇಲಿಯ ಹಳೇ ಸಾಮಾನಿನ ವ್ಯಾಪಾರಿ ಯಲ್ಲಪ್ಪ, ತಾನೇ ಮಾರಿದ ಸಾಮಾನನ್ನು ದುಡ್ಡು ಕೊಟ್ಟು ವಾಪಸು ಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಮಾರಿದವಳು ಫ್ಲೇವಿಯಾ. ವ್ಯಾಪಾರದಲ್ಲಿ ಹೀಗೆ ಮುಗ್ಗರಿಸಿದವನು ಹೆಂಡತಿಗೂ ಬಾಯಿ ಬಿಡುವುದಿಲ್ಲ. ಯಲ್ಲಪ್ಪ ಮಾತ್ರ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಹೇಳಿದಾಗೊಮ್ಮೆ ಫ್ಲೇವಿಯಾ ಪಾಲಿಶ್ ಮಾಡಿದ ಒಂದು ಕುರ್ಚಿಯಾದರೂ ಅಂಗಡಿಯಿಂದ ಹೊರಬೀಳುತ್ತಿತ್ತು.

ಆಗ ಫ್ಲೇವಿಯಾ ದಾಂಡೇಲಿಯಲ್ಲಿ ಮಿಲ್ಲಿನವರ ನಾಲ್ಕಾರು ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದಳು. ಹಳಿಯಾಳದಾಚೆ ಕಾಡಂಚಿನ ಸಿದ್ದಿಗಳ ಊರಿನವಳು, ರವಿವಾರ ಚರ್ಚು ತಪ್ಪಿಸದವಳು, ಉಳಿದ ಆರು ದಿನ ಯಾರ ಮಾತಿಗೂ ಉತ್ತರ ತಪ್ಪಿಸದವಳು. ಬಾಡಿಗೆ ಕೋಣೆಯಲ್ಲಿ ಬಟ್ಟೆ ಇಡಲು ಒಂದು ಕಪಾಟು ಬೇಕಾಗಿತ್ತು. ಯಲ್ಲಪ್ಪನ ಅಂಗಡಿಯ ಹಿಂದೆ ಒಂದು ಬಾಗಿಲು ಕಿತ್ತುಹೋದ, ಬೂದಿ ಬಣ್ಣದ ಕಪಾಟೊಂದು ನಿಂತಿತ್ತು. ಅದರ ಮೇಲೆ ಅವನ ಕೋಳಿ ಮಲಗುತ್ತಿತ್ತು. ಅವಳು ಕೇಳಿದಳು, ಅವನು ಕೋಳಿ ಓಡಿಸಿ ಚಿಲ್ಲರೆ ದುಡ್ಡಿಗೆ ಕೊಟ್ಟ. ಕೈಗಾಡಿಯ ಮೇಲೆ ಒಂದು ಮುರುಕು ಸ್ಟೂಲನ್ನೂ ಪುಕ್ಕಟೆ ಎಸೆದ. ಪುಣ್ಯಕ್ಕಲ್ಲ, ಜಾಗ ಖಾಲಿಯಾಗಲೆಂದು.

ಒಂದು ತಿಂಗಳಾದ ಮೇಲೆ ಅದೇ ಕೈಗಾಡಿಯ ಮೇಲೆ ಜೇನಿನ ಬಣ್ಣದ ಒಂದು ಸಾಮಾನು ಬಂತು. ಬಾಗಿಲಿಲ್ಲ, ಐದು ಹಲಗೆಯ ತೆರೆದ ಶೆಲ್ಫು. ಮರದ ಎಳೆಗಳು ಬಾಚಿದ ಕೂದಲಿನಂತೆ ಕಾಣುತ್ತಿದ್ದವು. ಯಲ್ಲಪ್ಪ ಸುತ್ತು ಹೊಡೆದು ನೋಡಿ, ಬೆರಳಿನಿಂದ ಕುಟ್ಟಿ, ದರ ಮಾತಾಡಿ, ಕೈಗೆ ಹಣವಿಟ್ಟ ಮೇಲೆ ಕೇಳಿದ.

"ಇದನ್ನ ಎಲ್ಲೋ ನೋಡಿದಂಗ ಆಗತೈತಲ್ಲಬೇ."

"ನಿಮ್ಮ ಕೋಳಿಗೆ ಗುರ್ತ ಸಿಕ್ಕೀತು, ಕರೀರಿ" ಎಂದಳು ಫ್ಲೇವಿಯಾ.

ಕಳೆದುಹೋದ ಬಾಗಿಲಿಗೆ ಜೊತೆ ಹುಡುಕುವ ಬದಲು ಅವಳು ಇದ್ದ ಬಾಗಿಲನ್ನೂ ಕಿತ್ತು, ಕೊಯ್ಸಿ, ಅದರಲ್ಲೇ ಒಂದು ಹೆಚ್ಚಿನ ಹಲಗೆ ಮಾಡಿಸಿದ್ದಳು. ಯಲ್ಲಪ್ಪ ಆ ದಿನ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅವಳ ಕೋಣೆ ಹುಡುಕಿಕೊಂಡು ಹೋಗಿ, "ಮುಸುರಿ ಬಿಡು, ನನ್ನ ಹಂತೇಕ ಬಾ" ಎಂದ. ಶತ್ರುವನ್ನು ಕೂಲಿಗೆ ಇಟ್ಟುಕೊಳ್ಳುವುದು ಅಗ್ಗ ಎಂಬುದು ಅವನ ಅಪ್ಪ ನವಲಗುಂದದಿಂದ ಮಿಲ್ಲಿನ ಕೆಲಸಕ್ಕೆ ಬರುವಾಗ ತಂದಿದ್ದ ಏಕೈಕ ಆಸ್ತಿ.

ಅವಳು ಹೋದಳು. ಅಲ್ಲಿ ಕಲಿತದ್ದಕ್ಕೆ ಇವತ್ತಿಗೂ ಯಲ್ಲಪ್ಪನ ಹೆಸರು ತೆಗೆದರೆ ಕೈಮುಗಿಯುತ್ತಾಳೆ, ಅವನ ಎದುರಿಗೆ ಮಾತ್ರ ಮುಗಿಯುವುದಿಲ್ಲ. ಮಿಲ್ಲಿನಿಂದ ನಿವೃತ್ತರಾದವರು ಕ್ವಾರ್ಟರ್ಸ್ ಖಾಲಿ ಮಾಡುವಾಗ ಮಂಚ, ಕಪಾಟು, ಕುರ್ಚಿಗಳನ್ನು ಬಂದ ಬೆಲೆಗೆ ಮಾರುತ್ತಿದ್ದರು. ವರ್ಷಕ್ಕೊಂದು ದೀಪಾವಳಿ, ದೀಪಾವಳಿಗೊಂದು ಕೈ ಬಣ್ಣ. ಆ ಬಣ್ಣದ ಅಡಿಗೆ ನಿಜವಾದ ಸಾಗವಾನಿ ಉಸಿರು ಕಟ್ಟಿಕೊಂಡು ಕೂತಿರುತ್ತಿತ್ತು. ದಾಂಡೇಲಿಯಲ್ಲಿ ಹುಟ್ಟಿದ ಕೂಸು 'ಅವ್ವಾ' ಅನ್ನುವುದಕ್ಕೆ ಮೊದಲು 'ಸಾಗವಾನಿ' ಅನ್ನುತ್ತದೆ. ಯಲ್ಲಪ್ಪನ ವೇದವೂ ಅದೇ: "ಬಣ್ಣ ಕಂಡ್ಯಾ, ಕೆರಿ. ಮುಚ್ಚಿದ್ದರಾಗ ಏನರ ಇದ್ದ ಇರತೈತಿ."

ಕೆರೆಯುವುದಕ್ಕೆ ಯಂತ್ರ ಬೇಕಿಲ್ಲ ಎಂದು ತೋರಿಸಿದವಳು ಫ್ಲೇವಿಯಾ. ಸುಣ್ಣ ಮತ್ತು ವಾಷಿಂಗ್ ಸೋಡಾ ಕಲಸಿ ಮೆತ್ತಿ ಒಂದು ರಾತ್ರಿ ಬಿಟ್ಟರೆ ಬಣ್ಣ ಕೆನೆಯಂತೆ ಏಳುತ್ತದೆ. ಒಡೆದ ಕಿಟಕಿ ಗಾಜಿನ ಅಂಚು ಯಾವ ಉಳಿಗೂ ಕಡಿಮೆಯಿಲ್ಲ. ಬಿರುಕಿಗೆ ಅದೇ ಮರದ ಹೊಟ್ಟು ಮತ್ತು ಅಂಟು. ಬಣ್ಣ ಸಾಲದಿದ್ದರೆ ಎಲೆ ಅಡಿಕೆಯವರ ಕಾಚನ್ನು ನೀರಿನಲ್ಲಿ ಕುದಿಸಿದ ಒಗರು. ಕೊನೆಗೆ ಅಗಸೆ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣ. ಜೋಯಿಡಾದ ಕಡೆ ಜೇನು ಇಳಿಸುವವರು ಹಿಂಡಿ ಬಿಟ್ಟ ಹುಟ್ಟನ್ನು ಅವಳಿಗಾಗಿ ಎತ್ತಿಡುತ್ತಿದ್ದರು. ತಿಕ್ಕುವುದಕ್ಕೆ ಓಣಿಯ ಹೆಂಗಸರ ಹಳೇ ಸೀರೆ. ಹೀಗೆ ಅವಳ ಪಾಲಿಶ್ ಅಂದರೆ ಹತ್ತು ಜನರ ಬಿಸಾಡಿದ್ದು, ಅವಳ ಎರಡು ರಟ್ಟೆ. "ಇದು ನಾ ಮಾಡಿದ್ದಲ್ರಿ, ಎಲ್ಲಾರೂ ಕೊಟ್ಟಿದ್ದು" ಎಂದು ಅವಳು ಹೇಳಿದರೆ ಯಲ್ಲಪ್ಪ ಬಾಯಿಗೆ ಬೆರಳಿಡುತ್ತಿದ್ದ. "ಗಿರಾಕಿ ಮುಂದ ಅನಬ್ಯಾಡ. ಎಲ್ಲಾರಿಗೂ ಪಾಲು ಕೊಡು ಅಂದಾರು."

ಅವಳಿಗೆ ಒಂದು ರೂಢಿಯಿತ್ತು. ಯಾವ ಸಾಮಾನನ್ನೇ ಕೆರೆಯಲಿ, ಮೊದಲು ಕೈ ಅದ್ದಿ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಹೇಳುತ್ತಿದ್ದಳು: "ಕುಂತವರು ಒಂದೀಟು ಎದ್ದು ಆಕಡೆ ನಿಂದರ್ರಿ. ಕೆಲಸ ಮುಗದ ಮ್ಯಾಲೆ ಮತ್ತ ಬಂದು ಕುಂಡ್ರೀರಂತ." ಅವಳ ಮನೆಯಲ್ಲಿ ಅಜ್ಜಿ ಹಿರಿಯರಿಗೆ ಕಾಯಿ ಇಟ್ಟು ಮಾತಾಡಿಸುತ್ತಿದ್ದಳು. ಸಿದ್ದಿಗಳಲ್ಲಿ ಚರ್ಚಿಗೆ ಹೋಗುವವರಿರಲಿ, ಗುಡಿಗೆ ಹೋಗುವವರಿರಲಿ, ಹಿರಿಯರು ಎಲ್ಲರಿಗೂ ಹಿರಿಯರೇ. ಹಳೇ ಮಂಚ, ಹಳೇ ಕುರ್ಚಿ ಅಂದಮೇಲೆ ಯಾರೋ ಕೂತಿದ್ದವರು ಇನ್ನೂ ಪೂರ್ತಿ ಎದ್ದು ಹೋಗಿರುವುದಿಲ್ಲ ಎಂಬುದು ಅವಳ ಲೆಕ್ಕ.

ಮದುವೆಯಾದದ್ದು ಮುಂಡಗೋಡ ತಾಲೂಕಿನ ಸನವಳ್ಳಿಯ ಅಂಕುಶನನ್ನು. ಅವನೂ ಸಿದ್ದಿ, ದೇವರು ಬೇರೆ, ಹಿರಿಯರು ಒಂದೇ. ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಯಲ್ಲಪ್ಪ ಮಾಡಿದ ಮದುವೆಯ ಉಡುಗೊರೆ ಎಂದರೆ ಅವಳನ್ನು ತಡೆಯದೆ ಇದ್ದದ್ದು. ಅದು ಅವನಿಗೆ ಎಷ್ಟು ದುಬಾರಿಯೆಂದು ಅವಳಿಗೆ ಗೊತ್ತಿತ್ತು. ಸನವಳ್ಳಿಯಲ್ಲಿ ಮನೆಯ ಪಕ್ಕ ತಗಡಿನ ಶೆಡ್ಡು ಹಾಕಿ, 'ಫ್ಲೇವಿಯಾ ಪಾಲಿಶ್ ಕೆಲಸ' ಎಂದು ಅಂಕುಶನೇ ಬೋರ್ಡು ಬರೆದ. ಕೆಲಸ ಎಂಬುದರ ಕೊನೆಗೆ ಜಾಗ ಸಾಲದೆ 'ಸ' ಬೋರ್ಡಿನಿಂದ ಜಿಗಿಯಲು ನಿಂತಂತಿತ್ತು.

ಯಲ್ಲಪ್ಪ ಕಳಿಸುವ ಸಾಮಾನು ಬರುತ್ತಿತ್ತು, ಹೋಗುತ್ತಿತ್ತು. ಆದರೆ ಬೋರ್ಡು ನೋಡಿ ತಾವಾಗಿ ಬಂದ ಮೊದಲ ಗಿರಾಕಿ ಎಂದರೆ ಪಾಸಂಗ್ ಪಾಲಾ.

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ವಯಸ್ಸಾದ ಗಂಡಸರನ್ನು ಪಾಲಾ ಅನ್ನುತ್ತಾರೆ, ಹೆಂಗಸರನ್ನು ಅಮಾಲಾ. ಅಪ್ಪ, ಅವ್ವ ಎಂದ ಹಾಗೆ. ಈ ಪಾಲಾ ಆಟೋದಲ್ಲಿ ಒಂದು ಮೇಜು ಹಾಕಿಸಿಕೊಂಡು ಬಂದ. ಮೊಣಕಾಲೆತ್ತರದ ಮೇಜು, ನಾಲ್ಕು ಬದಿಗೂ ಹಲಗೆ ಹೊಡೆದಿದ್ದರು. ಬೆಣ್ಣೆ ದೀಪದ ಹೊಗೆಗೆ ಎಲ್ಲ ಕಪ್ಪಾಗಿ, ಮುಂದಿನ ಹಲಗೆಯ ಮೇಲೆ ಮಾತ್ರ ಹಸಿರು ಕೂದಲಿನ ಒಂದು ನಾಯಿಯ ಚಿತ್ರ ಮಸುಕಾಗಿ ಕಾಣುತ್ತಿತ್ತು.

"ಕಾಲು ಅಲ್ಲಾಡತೈತಿ. ಚಾ ಚೆಲ್ಲತೈತಿ. ಗಟ್ಟಿ ಮಾಡಿ ಕೊಡು" ಎಂದ ಪಾಲಾ. "ನಮ್ಮ ಮುದುಕಿ ಮಗಳ ಜೋಡಿ ಕೊಲ್ಹಾಪುರದಾಗ ಸ್ವೆಟರ್ ಅಂಗಡಿಗೆ ಹೋಗ್ಯಾಳ. ಲೋಸಾರ್ ಹೊತ್ತಿಗೆ ಬರ್ತಾಳ. ಬರೂದ್ರೊಳಗ ಆಗಬೇಕು."

ಲೋಸಾರ್ ಅವರ ಹೊಸ ವರ್ಷ. ಅದಕ್ಕಿನ್ನೂ ಮೂರು ವಾರವಿತ್ತು. ಕಾಲು ಗಟ್ಟಿ ಮಾಡುವುದು ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಆದರೆ ಬೋಣಿ ಗಿರಾಕಿ. ತನ್ನ ಹೆಸರಿನ ಬೋರ್ಡನ್ನು ನಂಬಿ ಬಂದ ಮೊದಲ ಮನುಷ್ಯ. ಬರೀ ಒಂದು ಬೆಣೆ ಬಡಿದು ಕೊಟ್ಟರೆ ಏನು ಚೆಂದ? ಫ್ಲೇವಿಯಾಳಿಗೆ ಉಪಕಾರ ತೀರಿಸುವ ಆತುರ ಹತ್ತಿತು. ಈ ಹೊಗೆ, ಈ ಬಣ್ಣ, ಮೊಮ್ಮಕ್ಕಳು ಯಾರೋ ಗೀಚಿದ ಈ ನಾಯಿ ಎಲ್ಲ ತೆಗೆದು, ಒಳಗಿನ ಸಾಗವಾನಿಯನ್ನು ಪಾಲಾನ ಕೈಗೆ ಪುಕ್ಕಟೆಯಾಗಿ ಕೊಡೋಣ, ಹಬ್ಬಕ್ಕೆ ಮನೆ ಬೆಳಗಲಿ ಎಂದುಕೊಂಡಳು. ಎಂದಿನಂತೆ ಕೆಲಸಕ್ಕೆ ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದಳು. ಸುಣ್ಣ, ಸೋಡಾ ಮೆತ್ತಿದಳು. ಸಂತೋಷದ ಗಡಿಬಿಡಿಯಲ್ಲಿ ನೀರು ಚಿಮುಕಿಸುವುದನ್ನು ಮರೆತಳು. ಕೇಳದೆ ಮಾಡುವ ಉಪಕಾರ ಯಾವಾಗಲೂ ಗಡಿಬಿಡಿಯದ್ದೇ. ವಿಚಾರ ಮಾಡಿದರೆ ಯಾರೂ ಮಾಡುವುದಿಲ್ಲ.

ಮರುದಿನ ಗಾಜಿನ ಚೂರು ಹಿಡಿದು ಕೆರೆದಳು. ಮೇಲ್ಭಾಗ ಬಿಳಿಚಾಗಿ ಬಂತು. ಇನ್ನೂ ಕೆಳಗಿರಬಹುದು ಎಂದು ಬದಿ ಹಲಗೆಗಳನ್ನು ಕೆರೆದಳು. ಅವೂ ಮೂಲಂಗಿಯ ಹಾಗೆ ಬಿಳಿ, ಮೈತುಂಬ ಗಂಟು. ಮುಂದಿನ ಹಲಗೆಯನ್ನೂ ಕೆರೆದಳು. ನಾಯಿ ಹೋಯಿತು, ನಾಯಿಯ ಅಡಿಯಿಂದ ಇಂಗ್ಲಿಷ್ ಅಕ್ಷರಗಳ ಅರ್ಧ ಸಾಲು ಎದ್ದು ಬಂತು. ಹಾಲಿನ ಪುಡಿಯ ಡಬ್ಬಿಗಳನ್ನು ತುಂಬಿ ಕಳಿಸುವ ಮರದ ಖೋಕಾದ ಮೇಲೆ ಅಚ್ಚು ಹಾಕುತ್ತಾರಲ್ಲ, ಅಂಥವು.

ಅವಳು ಗಾಜಿನ ಚೂರು ಕೆಳಗಿಟ್ಟಳು. ಈ ಮೇಜಿನಲ್ಲಿ ಮರಕ್ಕೆ ಬೆಲೆಯಿರಲಿಲ್ಲ. ಇದ್ದ ಬೆಲೆಯೆಲ್ಲ ಬಣ್ಣದ್ದು. ಆ ಬಣ್ಣ ಈಗ ನೆಲದ ಮೇಲೆ, ಗೋಣಿಚೀಲದಲ್ಲಿ, ಅವಳ ಉಗುರ ಸಂದಿಯಲ್ಲಿ ಇತ್ತು.

ಯಲ್ಲಪ್ಪನಿಗೆ ಫೋನು ಹಚ್ಚಿದಳು.

"ಅಣ್ಣಾ, ಬಣ್ಣದ ಒಳಗ ಸಾಗವಾನಿ ಇಲ್ರಿ."

"ಮತ್ತೇನೈತಿ? ಮತ್ತಿ ಮರಾನಾ?"

"ಹಾಲಿನ ಪುಡಿ ಖೋಕಾ."

ಯಲ್ಲಪ್ಪ ಎದುರಿಗಿದ್ದ ಗಿರಾಕಿಗೆ ಆಮೇಲೆ ಬಾ ಅಂದದ್ದು ಕೇಳಿಸಿತು.

"ಗಿರಾಕಿ ಏನ ಮಾಡಂದಿದ್ದ?"

"ಕಾಲ ಗಟ್ಟಿ ಮಾಡಂದಿದ್ರು."

"ಕಾಲ ನೋವಂದಾವನ ಚರ್ಮಾ ಸುಲದಿ. ಒಳ್ಳೇ ಡಾಕ್ಟರ್ ಬಿಡು." ಯಲ್ಲಪ್ಪ ನಿಟ್ಟುಸಿರುಬಿಟ್ಟ. "ಒಂದ ಮಾಡು. ಕಾಚಿನ ನೀರು ಬಡದು, ಮ್ಯಾಲೆ ಎರಡ ಕೈ ಮೇಣ ಹಚ್ಚು. ವಯಸ್ಸಾದ ಮನಷಾ. ಸಾಗವಾನಿ ಅಂತ ತಿಳದು ಖುಷಿ ಆಗ್ತಾನ."

"ನೀವಾಗಿದ್ರ ಹಂಗ ಮಾಡ್ತಿದ್ರೇನ್ರಿ?"

"ನಾನಾಗಿದ್ರ ಕೆರೀತಿದ್ದಿಲ್ಲವಾ. ಪುಕ್ಕಟೆ ಕೆಲಸಾ ನಾ ಎಂದರ ಮಾಡೇನೇನು?" ಆಮೇಲೆ ದನಿ ತಗ್ಗಿಸಿ, "ಹೋಗು, ಇದ್ದದ್ದ ಹೇಳು. ಬಯ್ದ್ರ ನನ್ನ ಹೆಸರು ಹೇಳು. ಬಣ್ಣ ಕಂಡಲ್ಲಿ ಕೆರಿ ಅಂತ ಕಲಿಸಿದಾಂವ ನಾನ" ಎಂದ. ಯಲ್ಲಪ್ಪ ತನ್ನ ಹೆಸರನ್ನು ಹೀಗೆ ಧಾರಾಳವಾಗಿ ಯಾರಿಗೂ ಕೊಟ್ಟವನಲ್ಲ. ಅವಳಿಗೆ ಅಳು ಬಂದದ್ದು ಅಲ್ಲಿ.

ಕ್ಯಾಂಪಿಗೆ ಹೋದಾಗ ಪಾಲಾ ಮನೆಯ ಕಟ್ಟೆಯ ಮೇಲೆ ಜಪಮಾಲೆ ಎಣಿಸುತ್ತ ಬಿಸಿಲಿಗೆ ಕೂತಿದ್ದ. ಫ್ಲೇವಿಯಾ ಕೂರಲಿಲ್ಲ.

"ಪಾಲಾ, ತಪ್ಪ ಮಾಡೇನಿ. ಕಾಲ ನೋಡಾಕ ಕೊಟ್ಟಿದ್ರಿ. ನಾ ಬಣ್ಣಾ ಎಲ್ಲಾ ತಗದಬಿಟ್ಟೇನಿ."

"ಎಲ್ಲಾ?"

"ಎಲ್ಲಾರಿ."

"ನಾಯಿ?"

"ನಾಯಿನೂ ಹೋತ್ರಿ."

ಪಾಲಾ ಜಪಮಾಲೆಯನ್ನು ಮಡಿಲಲ್ಲಿಟ್ಟ. ಎದ್ದು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಾಗಿಲು ಮುಂದೆ ಮಾಡಿಕೊಂಡು ಬಂದ. ಅವಳ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದ.

"ಖರೇ ಹೇಳು. ಪೂರ್ತಿ ಹೋಗೇತಿ? ಮತ್ತ ಏಳೂದಿಲ್ಲಲ್ಲ?"

"ಇಲ್ರಿ."

ಅವನ ಮುಖದ ಸುಕ್ಕುಗಳೆಲ್ಲ ಒಮ್ಮೆಲೇ ಜಾಗ ಬದಲಿಸಿದವು. ಪಾಲಾ ನಗುತ್ತಿದ್ದ. ಸದ್ದು ಮಾಡದೆ, ಹೆಗಲು ಕುಣಿಸಿ, ಕಣ್ಣೀರು ಬರುವ ತನಕ ನಕ್ಕ. ಆಮೇಲೆ ಒಳಗೆ ಹೋಗಿ ಉಪ್ಪು ಬೆಣ್ಣೆ ಹಾಕಿದ ಚಹಾ ತಂದು ಅವಳ ಕೈಗೆ ಕೊಟ್ಟು, ಕೂರಿಸಿ ಹೇಳಿದ.

ಅದು ನಾಯಿಯಲ್ಲ, ಹಿಮದ ಸಿಂಹ. ಬಿಳಿ ಮೈ, ಹಸಿರು ಕೇಸರ, ಅವರ ಕಡೆಯ ಮಂಗಲದ ಪ್ರಾಣಿ. ಬರೆದವನು ಪಾಲಾನೇ. ಕ್ಯಾಂಪು ಆಗಷ್ಟೇ ಎದ್ದಿತ್ತು. ಕಾಡು ಕಡಿಯುವ ಕೆಲಸದ ನಡುವೆ ಬಿದ್ದ ಖೋಕಾಗಳನ್ನು ಕೂಡಿಸಿ ಮೇಜು ಮಾಡಿದ. ಲಾರಿಯವರ ಹತ್ತಿರ ಉಳಿದ ಬಣ್ಣ ಬೇಡಿ ತಂದ. ಸಿಂಹ ಬರೆಯಲು ಅವನಿಗೆ ಯಾರೂ ಕಲಿಸಿರಲಿಲ್ಲ, ಸಿಂಹವನ್ನು ಅವನು ನೋಡಿಯೂ ಇರಲಿಲ್ಲ. ಕಣ್ಣೆದುರು ಇದ್ದದ್ದು ಕೆಲಸಗಾರರ ಹಿಂದೆ ತಿರುಗುತ್ತಿದ್ದ ಒಂದು ಬೀದಿ ನಾಯಿ. ಅದನ್ನೇ ನೋಡಿ ಬರೆದು, ಹಸಿರು ಕೇಸರ ಹಚ್ಚಿದ.

"ಎಷ್ಟ ಸಲ ಕೇಳಿದೆ. ಕೈ ಪಳಗಿದ ಮ್ಯಾಲೆ, ತಿದ್ದತೇನಿ ಅಂದೆ. ಮುದುಕಿ ಮುಟ್ಟಗೊಡಲಿಲ್ಲ. ಹಬ್ಬದಾಗ ಬಂದವರೆಲ್ಲಾ ನಾಯಿ ಚಲೋ ಐತಿ ಪಾಸಂಗ್ ಅಂತಾರ. ಲಾಮಾ ಬಂದ್ರ ನಾ ಅದರ ಮುಂದ ಅಡ್ಡ ಕುಂಡ್ರತಿದ್ದೆ." ಪಾಲಾ ತನ್ನ ಎರಡೂ ಕೈ ಚಾಚಿ ತೋರಿಸಿದ. ಬೆರಳುಗಳು ತಾವಾಗಿ ನಡುಗುತ್ತಿದ್ದವು. "ಈಗ ಕೈ ಇಲ್ಲ. ನಿನ್ನ ಕೈ ಐತಿ. ನಾ ಹೇಳ್ತೇನಿ, ನೀ ಬರಿ. ಈ ಸಲ ಸಿಂಹ ಆಗಲಿ."

"ಅಮಾಲಾ ಬಯ್ಯೂದಿಲ್ರಿ?"

"ಬಯ್ತಾಳ. ನನಗ ರೂಢಿ ಐತಿ. ನಿನಗ ಹೊಸಾದು, ಅಷ್ಟ."

ಹೀಗೆ ಕೆಲಸ ಸುರುವಾಯಿತು. ಪಾಲಾ ದಿನಾ ಬೆಳಿಗ್ಗೆ ಸನವಳ್ಳಿಗೆ ಬಂದು ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಆ ಸ್ಟೂಲು ಯಲ್ಲಪ್ಪ ಒಂದು ಕಾಲದಲ್ಲಿ ಜಾಗ ಖಾಲಿ ಮಾಡಲು ಎಸೆದದ್ದೇ. ಬಣ್ಣಗಳನ್ನು ಅಂಕುಶ ಮುಂಡಗೋಡದಲ್ಲಿ ಲಾರಿಗೆ ಬಣ್ಣ ಬಳಿಯುವವನಿಂದ ಡಬ್ಬಿಯ ತಳದಲ್ಲಿ ಉಳಿದದ್ದು ತಂದುಕೊಟ್ಟ. "ಮೊದಲಿನದೂ ಲಾರಿ ಬಣ್ಣಾನ" ಎಂದು ಪಾಲಾ ಮೆಚ್ಚಿದ. ಫ್ಲೇವಿಯಾ ಹಲಗೆಗಳ ಗಂಟು ತುಂಬಿ, ಉಜ್ಜಿ, ಸುಣ್ಣದ ಬಿಳಿಯ ಮೇಲೆ ಕೆಂಪು ಎಳೆದಳು. ಪಕ್ಕಗಳಿಗೆ ಮೋಡ, ತಾವರೆ. ಮೋಡ ಬರೆಯುವಾಗ ಪಾಲಾ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ನಡುಗುವ ಬೆರಳಿನ ಮೋಡ ಹೇಗಿರಬೇಕೋ ಹಾಗೇ ಸುರುಳಿ ಸುರುಳಿಯಾಗಿ ಬಂದವು. ಮುಂದಿನ ಹಲಗೆಗೆ ಸಿಂಹ. ಒಂದು ಕಾಲೆತ್ತಿ, ಎದೆ ಸೆಟೆದು, ಹಸಿರು ಕೇಸರ ಹಾರಿಸಿಕೊಂಡು ನಿಂತ ಸಿಂಹ.

"ಬಾಯಿ ಇನ್ನೀಟು ಅಗಲ."

"ಕಚ್ಚಾಕ ಬಂದಂಗ ಕಾಣತೈತ್ರಿ ಪಾಲಾ."

"ಬರಲಿ. ಇಷ್ಟ ವರ್ಷ ಬಾಲ ಅಲ್ಲಾಡಿಸ್ಯಾನ."

ಸಿಂಹ ಮುಗಿಯುತ್ತ ಬಂದ ದಿನ ಅವಳು ಸುಮ್ಮನೆ ಕೇಳಿದಳು. ಅಮಾಲಾ ಯಾಕೆ ಮುಟ್ಟಗೊಡಲಿಲ್ಲ?

"ನನ್ನ ಮ್ಯಾಲೆ ನಗಾಕ" ಎಂದ ಪಾಲಾ, ಹಳೇ ದೂರು ಹೇಳುವವನ ಹಾಗೆ. "ಆಕಿ ಆಗ ಹೊಸಾ ಮದಿಮಗಳು. ಅಪ್ಪ ಅವ್ವ ಆ ಕಡೆ ಟಿಬೆಟ್ಟಿನಾಗ ಉಳದಿದ್ರು. ಇಲ್ಲಿ ಸೆಕಿ, ಕಾಡು, ಜ್ವರ. ಬಂದಾಗಿಂದ ಆಕಿ ಮುಖದಾಗ ನಗಿ ನೋಡಿದ್ದಿಲ್ಲ ನಾನು. ಮೇಜು ತಂದು ಮುಂದಿಟ್ಟೆ. ನೋಡಿದ್ಲು. ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಲು. ಮಗ್ಗಲ ಮನಿಯವರನ್ನೆಲ್ಲಾ ಕರದು ತೋರಿಸಿದ್ಲು. ಇವತ್ತಿನ ತನಕ ನಗತಾಳ. ಹಿಂಗ ಮಾಡ್ತಾರ ಗಂಡಗ?"

ಫ್ಲೇವಿಯಾಳ ಕುಂಚ ನಿಂತಿತು. ಎರಡು ವಾರಕ್ಕೂ ಹೆಚ್ಚು ದಿನದಿಂದ ಅವಳು ಒಬ್ಬ ಮುದುಕನ ಮೇಜನ್ನು ರಿಪೇರಿ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಮೇಜು ಅವನದಾಗಿರಲಿಲ್ಲ. ಅಮಾಲಾಳ ಮೊದಲ ನಗು ಈ ಹಲಗೆಯ ಮೇಲೆ ಕೂತಿತ್ತು, ಅದನ್ನು ಅವಳು ಏಳಿರಿ ಎಂದೂ ಹೇಳದೆ ಕೆರೆದು ಹಾಕಿದ್ದಳು. ಅಮಾಲಾ ಬರುವುದು ನಾಡಿದ್ದು.

ಪಾಲಾನಿಗೆ ಏನು ಹೇಳುವುದು? ಇಷ್ಟು ವರ್ಷದ ಆಸೆ ಅವನ ಕಣ್ಣೆದುರು ಬಾಯಿ ತೆರೆದು ನಿಂತಿದೆ. ಅದನ್ನು ಅಳಿಸುವಂತಿಲ್ಲ. ಸಂಜೆ ಪಾಲಾನನ್ನು ಆಟೋ ಹತ್ತಿಸಿ ಬಂದು, ಮೇಜಿನ ಹಿಂಬದಿಯನ್ನು ಮುಂದಕ್ಕೆ ತಿರುಗಿಸಿದಳು. ಹಿಂದಿನ ಹಲಗೆ ಗೋಡೆ ಕಡೆಗೆ ಹೋಗುವುದೆಂದು ಬರೀ ಕೆಂಪು ಬಳಿದು ಬಿಟ್ಟಿದ್ದರು. ಮೊಬೈಲು ತೆಗೆದು ಅಂದು ಹೊಡೆದ ಫೋಟೋವನ್ನು ದೊಡ್ಡದು ಮಾಡಿದಳು. ಆಮೇಲೆ ಬಟ್ಟಲಲ್ಲಿ ನೀರು ತಂದು ಚಿಮುಕಿಸಿದಳು. "ಕುಂತವರನ್ನ ಕೇಳದ ಎಬ್ಬಿಸೇನಿ. ತಪ್ಪಾತು. ಮತ್ತ ಬಂದು ಕುಂಡ್ರಿ."

"ಯಾರ ಜೋಡಿ ಮಾತಾಡಾಕತ್ತಿ?" ಎಂದ ಅಂಕುಶ ಮನೆಯೊಳಗಿಂದ.

"ನಾಯಿ ಜೋಡಿ."

ಅವನು ಮತ್ತೇನೂ ಕೇಳಲಿಲ್ಲ. ಹೆಂಡತಿಯ ಜೊತೆ ಬಾಳಿದವನಿಗೆ ಯಾವ ಪ್ರಶ್ನೆ ಲಾಭದ್ದು, ಯಾವುದು ನಷ್ಟದ್ದು ಎಂದು ಗೊತ್ತಿರುತ್ತದೆ.

ನಾಯಿ ಬರೆಯುವುದು ಸಿಂಹಕ್ಕಿಂತ ಕಷ್ಟವಾಯಿತು. ಸಿಂಹಕ್ಕೆ ಪಾಲಾನ ಬೆರಳಿತ್ತು, ನಾಯಿಗೆ ಹೊಗೆ ಹಿಡಿದ ಒಂದು ಫೋಟೋ. ಡೊಂಕಾದ ಬಾಲ, ಉದ್ದ ಕಡಿಮೆಯಾದ ಹಿಂಗಾಲು, ಹೊಗಳಿಕೆ ಕೇಳಿ ನಾಚಿದಂಥ ಆ ಮುಖ. ಒಂದು ಕಿವಿ ಫೋಟೋದಲ್ಲಿ ಮಸಿಯೊಳಗೆ ಮುಳುಗಿತ್ತು. ಎರಡನ್ನೂ ನೆಟ್ಟಗೆ ಮಾಡಿ ಬಿಟ್ಟಳು.

ಮೇಜನ್ನು ಅಂಕುಶನ ಗಾಡಿಯಲ್ಲಿ ಒಯ್ದು ಪಾಲಾನ ಮನೆಯಲ್ಲಿ ಇಳಿಸಿ, ಸಿಂಹವನ್ನು ಬಾಗಿಲಿಗೆ ಮುಖ ಮಾಡಿ ಇಟ್ಟರು. ಹಿಂದಿನ ಹಲಗೆಗೆ ಗೋಣಿ ಕಟ್ಟಿದ್ದನ್ನು ಫ್ಲೇವಿಯಾ ಕೊನೆಗೆ ಬಿಚ್ಚಿದಳು. ಪಾಲಾ ಆ ಕಡೆ ನೋಡಲಿಲ್ಲ, ಅವನ ಲಕ್ಷ್ಯವೆಲ್ಲ ಸಿಂಹದ ಮೇಲಿತ್ತು. ಅಷ್ಟರಲ್ಲೇ ಅಮಾಲಾ ಬಂದಳು. ಯಾಂಗ್ಚೆನ್ ಅಮಾಲಾ ಗಿಡ್ಡ ಹೆಂಗಸು, ಎರಡು ಜಡೆ, ಸೊಂಟಕ್ಕೆ ಪಟ್ಟೆಪಟ್ಟೆಯ ಏಪ್ರನ್ನು, ಹೆಗಲಿಗೆ ಮಾರಾಟವಾಗದೆ ಉಳಿದ ಸ್ವೆಟರುಗಳ ಚೀಲ. ಚೀಲ ಇಳಿಸಿ, ಮೇಜು ನೋಡಿ, ಬಗ್ಗಿದಳು. ಚಳಿಗಾಲವಿಡೀ ಗಿರಾಕಿಗಳು ಸ್ವೆಟರಿನ ಹೊಲಿಗೆ ಎಳೆದು ನೋಡಿದ್ದನ್ನು ಕಂಡವಳು, ಈಗ ತಾನೇ ಗಿರಾಕಿಯಾಗಿ ಸಿಂಹದ ಒಂದೊಂದು ಕೂದಲನ್ನೂ ಪರೀಕ್ಷಿಸಿದಳು.

"ಇದು ಯಾರ ಮನೀದು?"

"ನಮ್ಮದ" ಎಂದ ಪಾಲಾ. ದನಿಯಲ್ಲಿ ಸಿಂಹದ ಜೋರಿರಲಿಲ್ಲ. "ರಿಪೇರಿ ಮಾಡಿಸೇನಿ."

ಅಮಾಲಾ ಬಯ್ಯಲಿಲ್ಲ. ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಬಯ್ಯದ ಹೆಂಡತಿಯನ್ನು ಪಾಲಾ ಬಹಳ ವರ್ಷದಿಂದ ನೋಡಿರಲಿಲ್ಲವೇನೋ, ಅವನ ಮುಖ ಬಿಳಿಚಿತು.

"ಅಮಾಲಾ, ಕೆರದಾಕಿ ನಾನು" ಎಂದಳು ಫ್ಲೇವಿಯಾ. "ಪಾಲಾ ಕಾಲ ಅಷ್ಟ ನೋಡಂದಿದ್ರು. ಬಣ್ಣಾ ತಗದದ್ದು ನನ್ನ ತಪ್ಪು. ನೀವು ಒಮ್ಮಿ ಈ ಕಡೆ ನೋಡ್ರಿ." ಮೇಜಿನ ಎರಡು ಮೂಲೆ ಹಿಡಿದು ತಿರುಗಿಸಿದಳು.

ನಾಯಿ ಮುಂದೆ ಬಂತು.

ಪಾಲಾ ಬಾಯಿ ತೆರೆದ. ಅಮಾಲಾ ಕುಳಿತಲ್ಲಿಂದಲೇ ಸರಿದು ಹತ್ತಿರ ಹೋದಳು. ಮೂಗು ಹಲಗೆಗೆ ತಾಗುವಷ್ಟು ಹತ್ತಿರ. ಬಾಲದ ಡೊಂಕನ್ನು ಬೆರಳಿನಿಂದ ಹಿಡಿದು ಹೋದಳು, ಹಿಂಗಾಲು ಅಳೆದಳು, ಕೇಸರ ದಾಟಿ ತಲೆಗೆ ಬಂದಳು. ಅಲ್ಲಿ ಬೆರಳು ನಿಂತಿತು.

"ಈ ಕಿವಿ ಹಿಂಗ ಇದ್ದಿಲ್ಲ. ಮಡಚಿತ್ತು."

"ಫೋಟೋದಾಗ ಕಾಣಲಿಲ್ರಿ."

"ಬಣ್ಣ ತಂದೀಯೇನು?"

ಅಂಕುಶನ ಗಾಡಿಯಲ್ಲಿ ಡಬ್ಬಿ ಇತ್ತು. ಅಮಾಲಾ ಕುಂಚ ಬೇಡವೆಂದಳು. ತೋರುಬೆರಳನ್ನು ಬಿಳಿಯಲ್ಲಿ ಅದ್ದಿ, ನೆಟ್ಟಗಿದ್ದ ಕಿವಿಯ ತುದಿಯನ್ನು ಕೆಳಕ್ಕೆ ಎಳೆದು ಮಡಚಿದಳು. ಹಿಂದೆ ಸರಿದು ನೋಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಸಣ್ಣಗೆ ಏನೋ ಹೊರಟು, ದೊಡ್ಡದಾಗಿ, ಮನೆ ತುಂಬ ಆಯಿತು.

"ನೋಡಿದ್ಯಾ" ಎಂದ ಪಾಲಾ ಫ್ಲೇವಿಯಾಳಿಗೆ, ಮತ್ತೆ ದೂರಿನ ದನಿಯಲ್ಲಿ. ಕಣ್ಣು ಒರೆಸಿಕೊಳ್ಳುತ್ತಿದ್ದ. "ಬಂದ ಕೂಡಲೇ ಸುರು ಮಾಡಿದ್ಲು."

ಆಮೇಲೆ ಗಂಡ ಹೆಂಡಿರ ನಡುವೆ ತಮ್ಮ ಭಾಷೆಯಲ್ಲಿ ಚೌಕಾಶಿ ನಡೆಯಿತು. ಫ್ಲೇವಿಯಾಳಿಗೆ ಒಂದು ಮಾತೂ ತಿಳಿಯದಿದ್ದರೂ ಯಾರು ಗೆಲ್ಲುತ್ತಿದ್ದಾರೆಂದು ತಿಳಿಯಿತು. ಕೊನೆಗೆ ಪಾಲಾ ಅವಳಿಗೆ ಕನ್ನಡದಲ್ಲಿ ತೀರ್ಪು ಓದಿದ. ಲೋಸಾರ್ ಹಬ್ಬ ನಡೆಯುವಷ್ಟು ದಿನ ಸಿಂಹ ಮುಂದೆ, ಬಾಕಿ ವರ್ಷವೆಲ್ಲ ನಾಯಿ. "ಲಾಮಾ ಬಂದ ದಿನಾನೂ ಸಿಂಹ" ಎಂದು ಒಂದು ದಿನ ಹೆಚ್ಚಿಗೆ ಗಿಟ್ಟಿಸಿಕೊಂಡಿದ್ದ.

ಅಮಾಲಾ ಒಳಗಿನಿಂದ, ಅವರಲ್ಲಿ ಗೌರವಕ್ಕೆ ಹಾಕುವ ಬಿಳಿ ರೇಷ್ಮೆಯ ಶಾಲು ತಂದು ಎರಡೂ ಕೈಯಿಂದ ಫ್ಲೇವಿಯಾಳ ಕೊರಳಿಗೆ ಹಾಕಿದಳು. ತಪ್ಪು ಮಾಡಿದವಳಿಗೆ ಶಾಲು ಹಾಕುವುದನ್ನು ಅವಳು ಎಲ್ಲಿಯೂ ಕೇಳಿರಲಿಲ್ಲ. ಶಾಲಿನ ತುದಿ ಹಿಡಿದು ನಿಂತಳು. ಅಷ್ಟರಲ್ಲಿ ಅಮಾಲಾ ಚಹಾದ ಬಟ್ಟಲುಗಳನ್ನು ತಂದು ಮೇಜಿನ ಮೇಲೆ ಇಟ್ಟಳು. ಮೇಜು ಒಂದು ಕಡೆ ವಾಲಿತು. ಚಹಾ ಚೆಲ್ಲಿತು.

ಮೂವರೂ ಮೇಜಿನ ಕಾಲನ್ನೇ ನೋಡಿದರು.

"ಕಾಲು" ಎಂದ ಪಾಲಾ.

"ಯಪ್ಪಾ ದೇವರ" ಎಂದಳು ಫ್ಲೇವಿಯಾ.

ಶಾಲು ಕೊರಳಲ್ಲಿದ್ದಂತೆಯೇ ಅವಳು ನೆಲಕ್ಕೆ ಕೂತು, ಅಂಗಳದಿಂದ ಅಂಕುಶ ತಂದುಕೊಟ್ಟ ಚಕ್ಕೆಯನ್ನು ಬೆಣೆಯಾಗಿ ಕೆತ್ತಿ ಬಡಿದಳು. ಚಹಾ ಆರುವುದರೊಳಗೆ ಮುಗಿಯಿತು. ಅಮಾಲಾ ಕಾಲಿನ ಕೆಲಸಕ್ಕೆಂದು ದುಡ್ಡು ಕೊಟ್ಟಳು, ಮೇಲೆ ಉಳಿದ ಒಂದು ಸ್ವೆಟರು. ಸನವಳ್ಳಿಯ ಸೆಕೆಗೆ ಅದನ್ನು ಯಾರೂ ತೊಡುವಂತಿರಲಿಲ್ಲ. ಫ್ಲೇವಿಯಾ ಮನೆ ಮುಟ್ಟುವ ತನಕ ತೊಟ್ಟೇ ಹೋದಳು.

ಸುದ್ದಿ ಕೇಳಿದ ಯಲ್ಲಪ್ಪ ಫೋನಿನಲ್ಲಿ ಮೊದಲು ನಕ್ಕ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಅಂಥಾ ನಾಯಿ ಮೇಜು ಇನ್ನೆರಡು ಮಾಡಿಕೊಡಲ್ಲ. ಜೋಯಿಡಾದ ಹೋಂಸ್ಟೇದವರು ಬಾಯಿ ಬಿಟ್ಟು ತಗೋತಾರ."

"ಆ ನಾಯಿ ಒಂದ ಇತ್ತಂತ್ರಿ ಅಣ್ಣಾ."

"ಹಂಗಾದ್ರ ಸಿಂಹ?"

"ಸಿಂಹ ಪಾಲಾನ್ನ ಕೇಳಬೇಕು."

"ನಿನ್ನನ್ನ ಕೋಳಿ ಓಡಿಸಿ ಸಾಕಿದೆ ನಾನು" ಎಂದ ಯಲ್ಲಪ್ಪ.

"ಅದಕ್ಕ ದಿನಾ ನಿಮ್ಮ ಹೆಸರು ತಗದು ಕೈಮುಗೀತೇನ್ರಿ." ಹೇಳಬಾರದೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತು ಬಾಯಿ ಜಾರಿತ್ತು. ಯಲ್ಲಪ್ಪ ಫೋನು ಇಟ್ಟ. ಮರುದಿನ ಅಂಕುಶನ ಗಾಡಿಯಲ್ಲಿ ಹಳೇ ಮಂಚವೊಂದನ್ನು ಕಳಿಸಿದ, ಜೊತೆಗೆ ಅಗಸೆ ಎಣ್ಣೆಯ ಒಂದು ಡಬ್ಬಿ, ಅದರ ಬಿಲ್ಲಿಲ್ಲದೆ.

ಮಂಚಕ್ಕೆ ದಪ್ಪಗೆ ನೀಲಿ ಬಣ್ಣವಿತ್ತು. ಒಳಗೆ ಸಾಗವಾನಿ ಇದೆಯೆಂದು ಕುಟ್ಟಿದರೇ ತಿಳಿಯುತ್ತಿತ್ತು. ಫ್ಲೇವಿಯಾ ಅದರ ನಾಲ್ಕೂ ಕಡೆ ಸುತ್ತಿ, ಬಗ್ಗಿ, ಅಡಿಯಲ್ಲೂ ನೋಡಿದಳು. ಕಾಲುಗಳನ್ನು ಮೊದಲು ಅಲ್ಲಾಡಿಸಿ ನೋಡಿದಳು. ಯಲ್ಲಪ್ಪನಿಗೆ ಫೋನು ಮಾಡಿ ಮಂಚ ಯಾರ ಮನೆಯದು, ಕೆರೆಯಲು ಅವರನ್ನು ಕೇಳಿದ್ದೀರಾ ಎಂದು ವಿಚಾರಿಸಿದಳು. ಅವನು ಬಯ್ದ. ಆಮೇಲೆ ಕೈ ಅದ್ದಿ ನೀರು ಚಿಮುಕಿಸಿದಳು.

"ಕುಂತವರು ಒಂದೀಟು ಎದ್ದು ಆಕಡೆ ನಿಂದರ್ರಿ."

ಗಾಜಿನ ಚೂರು ಎತ್ತಿಕೊಳ್ಳದೆ, ವಯಸ್ಸಾದವರು ಮೊಣಕಾಲು ಹಿಡಿದು ಏಳಲು ಬೇಕಾಗುವಷ್ಟು ಹೊತ್ತು ಸುಮ್ಮನೆ ನಿಂತಳು.